ಮಾಲ್ಡೀವ್ಸ್‌ನಲ್ಲಿ ಇಂಗ್ಲಿಷ್ ಪಾಠ: ದುಡ್ಡಿಗೆ ಅಂತ ಬಂದೆ, ಈಗ ಬಿಟ್ಟು ಬರೋಕೆ ಮನಸ್ಸಿಲ್ಲ. ನೀವೇನಂತೀರಿ?

ಕೈವಾರದವಳು
ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು. ಶಿಕ್ಷಕರು, ಹೊರದೇಶದಲ್ಲಿ ಪಾಠ ಮಾಡಿ ಬಂದವರು ದಯವಿಟ್ಟು ಬರೆಯಿರಿ.

ನಾನು ಚಿಂತಾಮಣಿ ತಾಲ್ಲೂಕಿನವಳು. ಈಗ ಮಾಲ್ಡೀವ್ಸ್‌ನ ಒಂದು ಸಣ್ಣ ದ್ವೀಪದಲ್ಲಿ ಇಂಗ್ಲಿಷ್ ಟೀಚರ್. ಬಂದಿದ್ದು ದುಡ್ಡಿಗೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಮನೆ ಮೇಲೆ ಬೋರ್‌ವೆಲ್ ಕೊರೆಸಿದ ಸಾಲ ಇತ್ತು. ಬೋರ್‌ವೆಲ್ ಸಾಲ ಅಂದರೆ ಏನು ಅಂತ ಕೋಲಾರ, ಚಿಕ್ಕಬಳ್ಳಾಪುರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಹತ್ತಿರದ ಖಾಸಗಿ ಶಾಲೆಯಲ್ಲಿ ಸಿಗುತ್ತಿದ್ದ ಸಂಬಳದಲ್ಲಿ ಅದು ತೀರುವ ಮಾತೇ ಇರಲಿಲ್ಲ. ಮನೆಯವರು ಹಿಪ್ಪುನೇರಳೆ ತೋಟ ನೋಡಿಕೊಳ್ಳುತ್ತಾರೆ. ಮಗಳು ಅತ್ತೆ ಹತ್ತಿರ ಇದ್ದಾಳೆ.

ಈಗ ಸಾಲ ತೀರುತ್ತಾ ಬಂದಿದೆ. ಕಾಂಟ್ರಾಕ್ಟ್ ಮುಗಿಯುತ್ತಿದೆ, ಮುಂದುವರಿಸುತ್ತೀರಾ ಅಂತ ಶಾಲೆಯವರು ಕೇಳಿದ್ದಾರೆ. ಸಾಲ ತೀರಿದ ದಿನವೇ ಗಂಟು ಕಟ್ಟುತ್ತೇನೆ ಅಂದುಕೊಂಡು ಬಂದವಳು ನಾನು. ಆದರೆ ಇಲ್ಲಿ ಪಾಠ ಮಾಡುವುದರಲ್ಲಿ ಇಷ್ಟು ಖುಷಿ ಇರುತ್ತೆ ಅಂತ ಎಣಿಸಿರಲೇ ಇಲ್ಲ.

ಇಲ್ಲಿನ ಮಕ್ಕಳ ಮನೆಮಾತು ಧಿವೇಹಿ. ಅದರ ಲಿಪಿ ತಾನಾ, ಬಲದಿಂದ ಎಡಕ್ಕೆ ಬರೆಯುತ್ತಾರೆ. ಧಿವೇಹಿ ನೋಟ್‌ಬುಕ್ ಒಂದು ಕಡೆಯಿಂದ ತೆರೆಯುತ್ತದೆ, ಇಂಗ್ಲಿಷ್ ನೋಟ್‌ಬುಕ್ ಇನ್ನೊಂದು ಕಡೆಯಿಂದ. ಧಿವೇಹಿ, ಇಸ್ಲಾಂ, ಕುರಾನ್ ಬಿಟ್ಟರೆ ಮಿಕ್ಕ ಪಾಠವೆಲ್ಲ ಇಂಗ್ಲಿಷ್‌ನಲ್ಲೇ. ಶಾಲೆಯ ಗೇಟು ದಾಟಿದರೆ ಇಂಗ್ಲಿಷ್ ಇಲ್ಲ. ರೆಸಾರ್ಟ್‌ಗಳು ಬೇರೆ ದ್ವೀಪಗಳಲ್ಲಿವೆ, ನಮ್ಮ ಕಡೆ ಪ್ರವಾಸಿಗರ ಸುಳಿವೇ ಇಲ್ಲ.

ನನ್ನ ಕ್ಲಾಸಿನಲ್ಲಿ ಬಾಯೇ ಬಿಡದ ಒಬ್ಬ ಹುಡುಗ ಇದ್ದ. ಅವನ ಅಪ್ಪ ಮೀನು ಹಿಡಿಯುವ ದೋಣಿಯಲ್ಲಿ ಕೆಲಸ ಮಾಡುತ್ತಾರೆ. ಒಂದು ದಿನ ಮನೆಯವರ ಕೆಲಸದ ಬಗ್ಗೆ ಪಾಠ ಬಂತು. ಟ್ಯೂನಾ ಹೇಗೆ ಹಿಡಿಯುತ್ತಾರೆ, ನನಗೆ ಗೊತ್ತಿಲ್ಲ, ಹೇಳಪ್ಪ ಅಂದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವನು ಎದ್ದು ಬೋರ್ಡ್ ಹತ್ತಿರ ಬಂದ. ಮೊದಲು ಬಲೆಯಲ್ಲಿ ಸಣ್ಣ ಮೀನು ಹಿಡಿದು ದೋಣಿಯ ಒಳಗೇ ನೀರಿನಲ್ಲಿ ಜೀವಂತ ಇಟ್ಟುಕೊಳ್ಳುತ್ತಾರಂತೆ. ಟ್ಯೂನಾ ಹಿಂಡು ಕಂಡ ತಕ್ಷಣ ಅವನ್ನು ಸಮುದ್ರಕ್ಕೆ ಎರಚಿ, ಮೇಲಿಂದ ನೀರು ಚಿಮ್ಮಿಸುತ್ತಾರೆ. ಸಣ್ಣ ಮೀನಿನ ದೊಡ್ಡ ಗುಂಪೇ ಇದೆ ಅಂತ ಟ್ಯೂನಾ ಮೇಲೆ ಬೀಳುತ್ತವೆ. ಆಗ ಉದ್ದ ಕೋಲಿಗೆ ಕಟ್ಟಿದ ಗಾಳ ಬಿಟ್ಟು ಒಂದೊಂದಾಗಿ ಎಳೆದು, ತಲೆ ಮೇಲಿಂದ ಹಿಂದಕ್ಕೆ ಬೀಸುತ್ತಾರೆ. ಗಾಳ ಬಿಡಿಸುವುದು ಹೇಗೆ ಅಂದೆ. ನನ್ನ ಮೇಜಿನ ಮೇಲಿದ್ದ ಜೆಮ್ ಕ್ಲಿಪ್ ತಗೊಂಡು ಬಗ್ಗಿಸಿ ತೋರಿಸಿದ. ಅವರ ಗಾಳಕ್ಕೆ ಹಿಂದಕ್ಕೆ ಬಾಗಿದ ಮುಳ್ಳು ಇರಲ್ಲ. ಹಗ್ಗ ಸಡಿಲವಾದ ಕೂಡಲೇ ಮೀನು ತಾನೇ ಕಳಚಿ ದೋಣಿ ಒಳಗೆ ಬೀಳುತ್ತದೆ.

ಇದನ್ನೆಲ್ಲ ಅವನು ಇಂಗ್ಲಿಷ್‌ನಲ್ಲೇ ಹೇಳಿದ. ಕ್ರಿಯಾಪದ ಹಿಂದುಮುಂದು, ಅರ್ಧ ಕೈಸನ್ನೆ. ನಾನು ಒಂದನ್ನೂ ತಿದ್ದಲಿಲ್ಲ. ಪಕ್ಕದವರು ಎದ್ದು ಸೇರಿಸಿದರು, ಜಗಳಾಡಿದರು, ಅದೂ ಇಂಗ್ಲಿಷ್‌ನಲ್ಲಿ. ಯಾಕೆಂದರೆ ಆ ಕೋಣೆಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ, ನನಗೆ ಅರ್ಥ ಮಾಡಿಸಲು ಅವರಿಗೆ ಇದ್ದ ದಾರಿ ಅದೊಂದೇ. ಅವತ್ತು ಸಂಜೆ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಈಗ ಪ್ರಶ್ನೆ. ಈ ಖುಷಿ ಈ ಜಾಗದ್ದಾ? ಅಥವಾ ಚಿಂತಾಮಣಿಯಲ್ಲೂ ಸಿಗುವಂಥದ್ದಾ? ಊರಲ್ಲಿ ಪಾಠ ಮಾಡುವಾಗ ನನಗೆ ಇದು ಯಾಕೆ ಸಿಗಲಿಲ್ಲ?

ಮಾವಿನತೋಪು, ಶ್ರೀನಿವಾಸಪುರ
ಅಕ್ಕ, ಸುಮ್ನೆ ಸಹಿ ಹಾಕಿ. ಸಾಲ ಪೂರ್ತಿ ತೀರಲಿ, ಕೈಯಲ್ಲಿ ನಾಲ್ಕು ಕಾಸು ಉಳಿಯಲಿ. ಆಮೇಲೆ ಯೋಚನೆ ಮಾಡಿ.

ಗೌರಿಬಿದನೂರು ಸ್ಟೇಷನ್
ಮೇಡಂ, ನಿಮ್ಮ ಕ್ಲಾಸಿನಲ್ಲಿ ಎಷ್ಟು ಮಕ್ಕಳು? ಅದು ಮೊದಲು ಹೇಳಿ. ಪ್ರಾಥಮಿಕ ಶಾಲೆಯಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕ ಅಂತ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಬರೆದಿದೆ. ನಾನಿರುವ ಖಾಸಗಿ ಶಾಲೆಯಲ್ಲಿ ಒಂದು ಸೆಕ್ಷನ್‌ಗೆ ಅದರ ಎರಡರಷ್ಟು. ಒಬ್ಬ ಹುಡುಗನನ್ನು ಬೋರ್ಡ್ ಹತ್ತಿರ ಕರೆದು ಅವನ ಅಪ್ಪನ ಕೆಲಸ ಕೇಳುತ್ತಾ ಕೂತರೆ ಪೋರ್ಷನ್ ಮುಗಿಯುವುದು ಯಾವಾಗ? ಯೂನಿಟ್ ಟೆಸ್ಟ್‌ಗೆ ಪ್ರಶ್ನೋತ್ತರ ಬರೆಸಿಲ್ಲ ಅಂತ ಪೋಷಕರೇ ಬಂದು ಜಗಳ ಮಾಡುತ್ತಾರೆ. ಖುಷಿ ಬರುವುದಕ್ಕೂ ಜಾಗ ಬೇಕು. ನನಗೆ ಇಪ್ಪತ್ತು ಚಿಲ್ಲರೆ ಮಕ್ಕಳನ್ನು ಕೊಡಿ, ನಾನೂ ಹೀಗೇ ಬರೆಯುತ್ತೇನೆ.

ಕೈವಾರದವಳು
ಇಪ್ಪತ್ತರ ಮೇಲೆ ಒಂದೆರಡು ಅಷ್ಟೇ ಸಾರ್. ನೀವು ಹೇಳಿದ್ದರಲ್ಲಿ ನ್ಯಾಯ ಇದೆ. ಆದರೆ ಊರಲ್ಲೂ ಒಂದು ವರ್ಷ ನನ್ನ ಸೆಕ್ಷನ್ ಚಿಕ್ಕದಿತ್ತು. ಆಗಲೂ ನಾನು ಪ್ರಶ್ನೋತ್ತರವನ್ನೇ ಬರೆಸುತ್ತಿದ್ದೆ. ಬರೀ ಸಂಖ್ಯೆಯ ಕಾರಣ ಅಂತ ಅನಿಸುತ್ತಿಲ್ಲ.

ಗುಬ್ಬಿ ಮೇಷ್ಟ್ರು
ತಾಯೀ, ನಿಮ್ಮ ಬರಹ ಓದಿ ನನಗೆ ನನ್ನ ಭೂತಾನ್ ದಿನಗಳೇ ಕಣ್ಣಿಗೆ ಕಟ್ಟಿದವು. ನಾನು ನಿವೃತ್ತ ಶಿಕ್ಷಕ. 1980ರ ದಶಕದಲ್ಲಿ ಪೂರ್ವ ಭೂತಾನ್‌ನ ತಾಶಿಗಾಂಗ್ ಕಡೆ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಆಗ ಏಷ್ಯಾದ ದೇಶಗಳು ಒಂದಕ್ಕೊಂದು ನೆರವಾಗುವ ಕೊಲಂಬೊ ಯೋಜನೆಯಲ್ಲಿ ಭಾರತದಿಂದ ತುಂಬ ಶಿಕ್ಷಕರನ್ನು ಕರೆಸಿಕೊಳ್ಳುತ್ತಿದ್ದರು. ಹೆಚ್ಚಿನವರು ಕೇರಳದವರು, ನಮ್ಮ ಕಡೆಯವರು ಅಪರೂಪ.

ಅಲ್ಲಿನ ಮಕ್ಕಳ ಮನೆಮಾತು ತ್ಸಾಂಗ್ಲಾ. ಶಾಲೆಗೆ ಬಂದರೆ ಜೊಂಗ್‌ಖಾ ಕಲಿಯಬೇಕು, ಅದು ರಾಷ್ಟ್ರಭಾಷೆ. ಮಿಕ್ಕ ಪಾಠಗಳೆಲ್ಲ ಇಂಗ್ಲಿಷ್‌ನಲ್ಲಿ. ಕೆಲವರು ಬೆಳಗಿನ ಜಾವ ಮನೆ ಬಿಟ್ಟು ಗುಡ್ಡ ಇಳಿದು ಹತ್ತಿ ಬರುತ್ತಿದ್ದರು. ದೂರದವರು ಶಾಲೆಯಲ್ಲೇ ಉಳಿಯುತ್ತಿದ್ದರು. ವಿಶ್ವ ಆಹಾರ ಕಾರ್ಯಕ್ರಮದವರು 1974ರಿಂದಲೂ ಅಲ್ಲಿನ ಶಾಲಾ ಊಟಕ್ಕೆ ನೆರವು ಕೊಡುತ್ತಿದ್ದರು, ಅದಿಲ್ಲದಿದ್ದರೆ ಅರ್ಧ ಮಕ್ಕಳು ಶಾಲೆ ಬಿಡುತ್ತಿದ್ದರು ಅಂತ ನನ್ನ ನಂಬಿಕೆ.

ಆ ಸೀಮೆಯಲ್ಲಿ ಫಾದರ್ ವಿಲಿಯಂ ಮ್ಯಾಕಿ ಅವರ ಹೆಸರು ಹೇಳದ ಮನೆ ಇರಲಿಲ್ಲ. ಕೆನಡಾದ ಜೆಸ್ಯೂಟ್ ಪಾದ್ರಿ. 1963ರಲ್ಲಿ ಬಂದು ತಾಶಿಗಾಂಗ್‌ನಲ್ಲಿ ಶಾಲೆ ಶುರು ಮಾಡಿದವರು, ಕೊನೆಗೆ ಆ ದೇಶದಲ್ಲೇ ಉಳಿದರು. ಹೊರಗಿನಿಂದ ಬಂದವನು ಹೇಗೆ ಇರಬೇಕು ಅನ್ನುವುದನ್ನು ನಾವೆಲ್ಲ ಅವರನ್ನು ನೋಡಿ ಕಲಿತೆವು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾನು ವಾಪಸ್ ಬಂದು ಗುಬ್ಬಿ ತಾಲ್ಲೂಕಿನಲ್ಲಿ ಬಹಳ ವರ್ಷ ಪಾಠ ಮಾಡಿದೆ. ಆ ಖುಷಿ ಇಲ್ಲೂ ಸಿಕ್ಕಿತು. ಮೊದಲ ವರ್ಷ ಸಿಗಲಿಲ್ಲ. ಇಲ್ಲಿ ನನಗೆ ಎಲ್ಲ ಗೊತ್ತು ಅಂತ ಮಕ್ಕಳಿಗೂ ಗೊತ್ತಿತ್ತು, ನನಗೂ ಹಾಗೇ ಅನಿಸಿತ್ತು. ಭೂತಾನ್‌ನಲ್ಲಿ ನಾನು ಮಕ್ಕಳನ್ನು ದಾರಿ ಕೇಳುತ್ತಿದ್ದೆ, ಗಿಡದ ಹೆಸರು ಕೇಳುತ್ತಿದ್ದೆ, ಯಾಕ್ ಹಾಲಿನ ಗಿಣ್ಣು ಹೇಗೆ ಒಣಗಿಸುತ್ತಾರೆ ಅಂತ ಕೇಳುತ್ತಿದ್ದೆ. ಗುಬ್ಬಿಯಲ್ಲಿ ಕೇಳಲು ಏನೂ ಇಲ್ಲ ಅಂದುಕೊಂಡಿದ್ದೆ. ಕೊಬ್ಬರಿ ಅಟ್ಟದ ಮೇಲೆ ಎಷ್ಟು ತಿಂಗಳು ಇರಬೇಕು, ಅಲ್ಲಾಡಿಸಿದರೆ ಯಾವ ಸದ್ದು ಬರಬೇಕು ಅಂತ ಕೇಳಲು ಶುರು ಮಾಡಿದ ಮೇಲೆ ಕ್ಲಾಸು ಬದಲಾಯಿತು.

ತಿಪಟೂರಿನಿಂದ ಜಪಾನ್‌ಗೆ
ಮೇಷ್ಟ್ರೇ, ಕೊಬ್ಬರಿ ಸದ್ದಿನ ಪಾಠ! ನಮ್ಮ ತಾತ ಕಿವಿ ಹತ್ತಿರ ಇಟ್ಟು ಅಲ್ಲಾಡಿಸಿಯೇ ಹೇಳುತ್ತಿದ್ದರು.

ನಾನು ಜಪಾನ್‌ನಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕ. ಹೊರದೇಶದವರನ್ನು ಶಾಲೆಗಳಿಗೆ ಕರೆಸಿಕೊಳ್ಳುವ ಸರ್ಕಾರದ ಜೆಟ್ ಯೋಜನೆ 1987ರಿಂದ ಇದೆ, ನಾನು ಅದರಲ್ಲಿ ಬಂದವನಲ್ಲ, ಖಾಸಗಿ ಕಂಪನಿ ಮೂಲಕ ಬಂದೆ. 2020ರಿಂದ ಇಲ್ಲಿ ಐದು, ಆರನೇ ತರಗತಿಗೆ ಇಂಗ್ಲಿಷ್ ಅಂಕ ಕೊಡುವ ವಿಷಯ ಆಗಿದೆ. ಮೂರು, ನಾಲ್ಕಕ್ಕೆ ಬರೀ ಚಟುವಟಿಕೆ, ಪರೀಕ್ಷೆ ಇಲ್ಲ. ಎರಡೂ ಕಡೆ ನಾನು ಹೋಗುತ್ತೇನೆ. ಮೂರನೇ ತರಗತಿಯಲ್ಲಿ ನಾನು ಒಳಗೆ ಕಾಲಿಟ್ಟರೆ ಕಿರುಚಾಟ. ಆರನೇ ತರಗತಿಯಲ್ಲಿ ಅದೇ ಮಕ್ಕಳು ತಪ್ಪಾದರೆ ಅಂತ ಬಾಯಿ ಮುಚ್ಚಿಕೊಳ್ಳುತ್ತಾರೆ. ನನ್ನ ಪ್ರಕಾರ ಖುಷಿಯನ್ನು ಕೊಲ್ಲುವುದು ಅಂಕ. ದೇಶ ಯಾವುದಾದರೇನು.

ನನಗೆ ತುಂಬ ಇಷ್ಟವಾದದ್ದು ಮಧ್ಯಾಹ್ನದ ಊಟ. ಮಕ್ಕಳೇ ಬಿಳಿ ಕೋಟು, ಟೋಪಿ, ಮಾಸ್ಕ್ ಹಾಕಿ ಬಡಿಸುತ್ತಾರೆ. ಎಲ್ಲರಿಗೂ ಬಡಿಸಿ ಆಗುವವರೆಗೆ ಯಾರೂ ಮುಟ್ಟಲ್ಲ. ಟೀಚರೂ ಅವರ ಜೊತೆಯಲ್ಲೇ ಕೂತು ತಿನ್ನಬೇಕು. ಪಾಠದ ಹೊತ್ತಿನಲ್ಲಿ ಬಾರದ ಇಂಗ್ಲಿಷ್ ಆಗ ಬರುತ್ತದೆ. ಊಟ ಆದ ಮೇಲೆ ಕ್ಲಾಸು, ಮೆಟ್ಟಿಲು ಎಲ್ಲ ಅವರೇ ಗುಡಿಸಿ ಒರೆಸುತ್ತಾರೆ.

ರೇಷ್ಮೆಗೂಡು
ಇಲ್ಲಿ ಮಕ್ಕಳ ಕೈಗೆ ಪೊರಕೆ ಕೊಟ್ಟು ನೋಡಿ, ಮಾರನೇ ದಿನ ಟಿ.ವಿ.ಯಲ್ಲಿ ಬರುತ್ತದೆ.

ಪಾವಗಡ ಬಿಸಿಲು
ಟಿ.ವಿ.ಯಲ್ಲಿ ಬಂದದ್ದು ಮಕ್ಕಳ ಕೈಲಿ ಶೌಚಾಲಯ ತೊಳೆಸಿದ್ದಕ್ಕೆ, ಅದೂ ಬಡವರ ಮಕ್ಕಳ ಕೈಲಿ. ಅದನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಜಪಾನ್‌ನಲ್ಲಿ ಎಲ್ಲರ ಮಕ್ಕಳೂ ಗುಡಿಸುತ್ತಾರೆ. ವ್ಯತ್ಯಾಸ ಇರುವುದು ಅಲ್ಲಿ.

ಚಾಂಪಿಯನ್ ರೀಫ್
ಕೈವಾರದ ಮೇಡಂ, ನಿಮ್ಮನ್ನು ಯಾರಾದರೂ ಆಕ್ಸೆಂಟ್ ಬಗ್ಗೆ ಕೇಳಿದರಾ? ಕೆಜಿಎಫ್‌ನವನು, ಅದಕ್ಕೇ ಕೇಳುತ್ತಿದ್ದೇನೆ. ನಮ್ಮ ಊರಲ್ಲಿ ಗಣಿ ಇಂಗ್ಲಿಷರ ಕೈಯಲ್ಲಿದ್ದ ಕಾಲದಿಂದಲೂ ಇಂಗ್ಲಿಷ್ ಇದೆ. 1902ರಲ್ಲೇ ಶಿವನಸಮುದ್ರದಿಂದ ಗಣಿಗೆ ಕರೆಂಟು ಬಂತು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ ತೆಲುಗು, ಕ್ಲಬ್ಬಿನಲ್ಲಿ ಇಂಗ್ಲಿಷ್ ಅಂತ ಬೆಳೆದವರು ನಾವು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಎಷ್ಟೋ ಜನಕ್ಕೆ ಉಳಿದ ಆಸ್ತಿ ಅದೊಂದೇ. ಆದರೂ ಹೊರದೇಶದ ಕೆಲಸಕ್ಕೆ ಅರ್ಜಿ ಹಾಕಿದರೆ ಮೊದಲು ನೋಡುವುದು ಪಾಸ್‌ಪೋರ್ಟ್ ಯಾವ ದೇಶದ್ದು ಅಂತ.

ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸುವ ವೀಸಾ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಈ 7 ದೇಶದವರಿಗೆ. 2010ರ ವ್ಯಾಪಾರ ಒಪ್ಪಂದದ ಮೇಲೆ ನಮ್ಮವರಿಗೂ ಒಂದು ಕಿಂಡಿ ಬಿಟ್ಟಿದ್ದಾರೆ, ಸಹಾಯಕ ಶಿಕ್ಷಕರಾಗಿ. ಅಷ್ಟೇ.

ಮಾಲೂರು ಹೆಂಚು
ಥಾಯ್ಲೆಂಡ್‌ನಲ್ಲಿ ಇದ್ದವಳು ನಾನು. ಅಲ್ಲಿ ನಮ್ಮಂಥವರು ಟೋಯಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆದು 600 ಅಂಕ ತೋರಿಸಬೇಕು. ಬಿಳಿಯರಿಗೆ ಒಂದು ಸಂಬಳ, ಫಿಲಿಪೀನ್ಸ್‌ನವರಿಗೆ, ನಮಗೆ ಇನ್ನೊಂದು. ಒಂದೇ ಸ್ಟಾಫ್ ರೂಮು, ಒಂದೇ ಪಾಠ. ಇದು ನನಗೆ ಇವತ್ತಿಗೂ ಉರಿಯುತ್ತದೆ.

ಆದರೆ ಮಕ್ಕಳು! ಜೂನ್‌ನಲ್ಲಿ ಗುರುವಾರದ ದಿನ ಗುರುವಂದನೆ ಮಾಡುತ್ತಾರೆ. ಗರಿಕೆ, ಬದನೆ ಹೂವು, ಕೇಪಳ ಹೂವು ಜೋಡಿಸಿ ತಂದು ಮಂಡಿಯೂರಿ ಕೊಡುತ್ತಾರೆ. ಗರಿಕೆ ನೋಡಿ ನನಗೆ ಗಂಟಲು ಕಟ್ಟಿತು. ಸಂಬಳದ ಲೆಕ್ಕಕ್ಕೆ ನೂರು ಸಲ ಬಿಡಬೇಕು ಅನಿಸಿದೆ, ಆ ಮಕ್ಕಳಿಗೋಸ್ಕರ ನಿಂತಿದ್ದೇನೆ.

ತಿಪಟೂರಿನಿಂದ ಜಪಾನ್‌ಗೆ
ಇಲ್ಲಿ ಇನ್ನೊಂದು ತೊಡಕು. ವೀಸಾಕ್ಕೆ 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ದಾಖಲೆ ಕೇಳುತ್ತಾರೆ. ಕನ್ನಡ ಮಾಧ್ಯಮದವರಿಗೆ ಬಾಗಿಲು ಮುಚ್ಚಿದ ಹಾಗೆ.

ಗೌರಿಬಿದನೂರು ಸ್ಟೇಷನ್
ಸರಿಯೇ ಅಲ್ವಾ? ಇಂಗ್ಲಿಷ್‌ನಲ್ಲಿ ಓದದವರು ಇಂಗ್ಲಿಷ್ ಹೇಗೆ ಕಲಿಸುತ್ತಾರೆ?

ಕೈವಾರದವಳು
ಸಾರ್, ಇದನ್ನು ನಾನು ಒಪ್ಪಲ್ಲ. ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಸರ್ಕಾರಿ ಶಾಲೆ. ನಮ್ಮ ಕಾಲಕ್ಕೆ ಎಬಿಸಿಡಿ ಶುರುವಾಗುತ್ತಿದ್ದದ್ದೇ ಐದನೇ ತರಗತಿಯಲ್ಲಿ. ಒಂದನೇ ತರಗತಿಯಿಂದ ಇಂಗ್ಲಿಷ್ ಬಂದಿದ್ದು 2007ರಲ್ಲಿ. ಅದರ ಮೇಲೆ ನಮ್ಮ ಮನೆಮಾತು ತೆಲುಗು. ಶಾಲೆಗೆ ಸೇರಿದ ಮೇಲೆ ಕನ್ನಡ, ಆಮೇಲೆ ಇಂಗ್ಲಿಷ್. ಒಂದು ಮಗು ಮೂರನೇ ಭಾಷೆಯಲ್ಲಿ ಎಲ್ಲಿ ಎಡವುತ್ತದೆ, ಬಾಯಿಗೆ ಬಂದ ಮಾತನ್ನು ಯಾಕೆ ನುಂಗಿಕೊಳ್ಳುತ್ತದೆ ಅಂತ ನನಗೆ ಗೊತ್ತು. ಆ ಹುಡುಗ ಬೋರ್ಡ್ ಹತ್ತಿರ ತಡವರಿಸುವಾಗ ನಾನು ಸುಮ್ಮನೆ ಕಾಯುತ್ತಾ ನಿಲ್ಲಲು ಸಾಧ್ಯವಾಗಿದ್ದು ಅದರಿಂದಲೇ. ಹುಟ್ಟಿದಾಗಿನಿಂದ ಇಂಗ್ಲಿಷ್ ಆಡಿದವರು ಅಷ್ಟು ಕಾಯುತ್ತಿದ್ದರಾ?

ಪಾವಗಡ ಬಿಸಿಲು
ಭೇಷ್ ಅಕ್ಕ. ನಾನು ಹೇಳಬೇಕು ಅಂದುಕೊಂಡಿದ್ದು ಇದನ್ನೇ.

ನಾನು ಪಾವಗಡ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿದ್ದೇನೆ, ಗಡಿ ಪಕ್ಕದ ಊರು. ನನ್ನ ಮಕ್ಕಳಲ್ಲಿ ಮುಕ್ಕಾಲು ಪಾಲು ಮನೆಯಲ್ಲಿ ತೆಲುಗು. ಖುಷಿಗೆ ದೇಶ ಬಿಡಬೇಕಾಗಿಲ್ಲ ಅಂತ ನನ್ನ ವಾದ. ನಮ್ಮ ಹತ್ತಿರ ನಲಿ-ಕಲಿ ಇದೆ. ಒಂದರಿಂದ ಮೂರನೇ ತರಗತಿ ಒಟ್ಟಿಗೆ ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಗೋಡೆಗೆ ಕಲಿಕಾ ಏಣಿ. ಮಗು ತಾನು ಯಾವ ಮೆಟ್ಟಿಲಲ್ಲಿದೆ ಅಂತ ತಾನೇ ನೋಡಿಕೊಂಡು ಕಾರ್ಡ್ ತೆಗೆದುಕೊಳ್ಳುತ್ತದೆ. ಮೊಣಕಾಲೆತ್ತರದಲ್ಲಿ ಕಪ್ಪು ಹಲಗೆ, ಅದು ಮಕ್ಕಳದು. ಮೇಲೆ ಚಪ್ಪರ ಕಟ್ಟಿ ಅವರು ಬರೆದ ಚಿತ್ರ ತೂಗುಹಾಕುತ್ತೇವೆ. ಒಂದು ಮಗು ವಾರಗಟ್ಟಲೆ ರಜೆ ಹಾಕಿ ಸುಗ್ಗಿಗೆ ಹೋಗಿ ಬಂದರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹೋಗಬಹುದು. ಹಿಂದೆ ಬಿದ್ದೆ ಅನ್ನುವ ಅವಮಾನ ಇಲ್ಲ.

ರೇಷ್ಮೆಗೂಡು
ನಲಿ-ಕಲಿ ಬೆಂಗಳೂರಿನ ಅಧಿಕಾರಿಗಳು ಮೇಲಿಂದ ಹೇರಿದ್ದು ಅಲ್ವಾ? ಯುನಿಸೆಫ್ ದುಡ್ಡು ಅಂತ ಕೇಳಿದ್ದೆ.

ಪಾವಗಡ ಬಿಸಿಲು
ಅಲ್ಲ ಸಾರ್. ಯುನಿಸೆಫ್ ನೆರವು ಇತ್ತು, ನಿಜ. ಶುರುವಾಗಿದ್ದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ಋಷಿ ವ್ಯಾಲಿ ಶಿಕ್ಷಣ ಸಂಸ್ಥೆಗೆ ಹೋಗಿ ಅವರ ಹಳ್ಳಿ ಶಾಲೆಗಳನ್ನು ನೋಡಿ ಬಂದು, ತಾವೇ ಕಾರ್ಡ್ ಬರೆದು, ತಾವೇ ಹಾಡು ಕಟ್ಟಿದರು. ಋಷಿ ವ್ಯಾಲಿ ಎಲ್ಲಿದೆ? ಕೈವಾರದ ಅಕ್ಕನ ಚಿಂತಾಮಣಿಯಿಂದ ಮದನಪಲ್ಲಿ ರೋಡ್ ಹಿಡಿದರೆ ಅಲ್ಲೇ. ಆಮೇಲೆ ಇಡೀ ರಾಜ್ಯಕ್ಕೆ ಹಬ್ಬಿತು. ಇಡೀ ರಾಜ್ಯಕ್ಕೆ ಹರಡಿದಾಗ ಕೆಲವು ಕಡೆ ಬರೀ ಫೈಲಿಗೆ ಇಳಿಯಿತು ಅನ್ನುವುದೂ ನಿಜ. ಆದರೆ ಬೇರು ನಮ್ಮಂಥ ಮೇಷ್ಟ್ರುಗಳದ್ದು.

ಗೌರಿಬಿದನೂರು ಸ್ಟೇಷನ್
ಪಾವಗಡದವರೇ, ನಿಮಗೆ ಸರ್ಕಾರಿ ಸಂಬಳ. ಖುಷಿ ಬಗ್ಗೆ ಮಾತಾಡಬಹುದು. ಅತಿಥಿ ಶಿಕ್ಷಕರನ್ನು ಕೇಳಿ. 2025-26ರ ಬಜೆಟ್‌ನಲ್ಲಿ ಗೌರವಧನ 2,000 ರೂಪಾಯಿ ಏರಿಸಿದರು, ಅದಕ್ಕೇ ಪಟಾಕಿ ಹೊಡೆಯುವ ಪರಿಸ್ಥಿತಿ. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಮನೆ ಬಾಡಿಗೆ ಕಟ್ಟುವ ಚಿಂತೆ ಇರುವವನ ಹತ್ತಿರ ಹೋಗಿ ಮಕ್ಕಳ ಜೊತೆ ನಲಿಯಪ್ಪ ಅನ್ನುವುದು ಸರಿಯಲ್ಲ. ಈ ಮೇಡಂಗೂ ಖುಷಿ ಸಿಕ್ಕಿದ್ದು ಸಾಲದ ಚಿಂತೆ ಇಳಿದ ಮೇಲೆ. ಅದನ್ನು ಯಾರೂ ಹೇಳುತ್ತಿಲ್ಲ.

ಪಾವಗಡ ಬಿಸಿಲು
ಅದು ಸತ್ಯ. ಅತಿಥಿ ಶಿಕ್ಷಕರ ವಿಷಯದಲ್ಲಿ ನನಗೂ ನಿಮ್ಮಷ್ಟೇ ಸಿಟ್ಟಿದೆ. ನಮ್ಮ ಶಾಲೆಯ ಅತಿಥಿ ಶಿಕ್ಷಕಿ ನನಗಿಂತ ಚೆನ್ನಾಗಿ ಪಾಠ ಮಾಡುತ್ತಾರೆ.

ಹಳೇ ಬಸ್‌ಸ್ಟ್ಯಾಂಡ್, ಕೋಲಾರ
ಒಂದು ಮಾತು. ಹೆಣ್ಣುಮಗು ಊರಲ್ಲಿ, ತಾಯಿ ಸಮುದ್ರದ ಆಚೆ. ಬೇರೆಯವರ ಮಕ್ಕಳಿಗೆ ಪಾಠ ಹೇಳಿ ಖುಷಿ ಪಡುವ ಮೊದಲು ಸ್ವಂತ ಮಗಳ ಬಗ್ಗೆ ಯೋಚನೆ ಮಾಡಬೇಕಿತ್ತು.

ಮಾಲೂರು ಹೆಂಚು
ಗಂಡಸರು ಗಲ್ಫ್‌ಗೆ ಹೋದಾಗ ಈ ಮಾತು ಯಾಕೆ ಬರಲ್ಲ? ಹತ್ತಾರು ವರ್ಷ ಮಕ್ಕಳ ಮುಖ ನೋಡದೆ ದುಡಿದವರನ್ನು ತ್ಯಾಗಿ ಅಂತೀರಿ. ಅವರು ಕೇಳಿದ್ದು ಶಾಲೆ ಬಗ್ಗೆ, ಸಂಸಾರ ನಡೆಸೋದು ಹೇಗೆ ಅಂತ ಅಲ್ಲ.

ಕೈವಾರದವಳು
ಹೆಂಚು ಅಕ್ಕ, ಥ್ಯಾಂಕ್ಸ್. ಕೋಲಾರದ ಸಾರ್‌ಗೆ ಒಂದೇ ಮಾತು: ದಿನಾ ರಾತ್ರಿ ವಿಡಿಯೊ ಕಾಲ್‌ನಲ್ಲಿ ಮಗಳ ಹೋಮ್‌ವರ್ಕ್ ನಾನೇ ಮಾಡಿಸುವುದು. ಅತ್ತೆ ಅವಳನ್ನು ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೂ ಅವಳು ಎದುರಿಗಿಲ್ಲ ಅನ್ನುವ ಸಂಕಟ ನನ್ನದು, ಅದನ್ನು ಯಾರೂ ನೆನಪಿಸಬೇಕಾಗಿಲ್ಲ.

ಮಾವಿನತೋಪು, ಶ್ರೀನಿವಾಸಪುರ
ಊಟಕ್ಕೆ ಏನು ಮಾಡುತ್ತೀರಿ ಅಕ್ಕ? ಮುದ್ದೆ ಸಿಗುತ್ತಾ?

ಕೈವಾರದವಳು
ರಾಗಿ ಹಿಟ್ಟು ಊರಿನಿಂದ ತರುತ್ತೇನೆ ತಮ್ಮ. ಸೊಪ್ಪು ಸಿಗುವುದೇ ಕಷ್ಟ, ಬಸ್ಸಾರಿನ ಆಸೆ ಊರಿಗೆ ಬಂದಾಗಲೇ ತೀರಬೇಕು. ಬೆಳಗ್ಗೆ ಇಲ್ಲಿಯವರು ಮಾಸ್ ಹುನಿ ತಿನ್ನುತ್ತಾರೆ, ಟ್ಯೂನಾಗೆ ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆಹುಳಿ ಕಲಸಿ ಚಪಾತಿ ಥರದ ರೋಶಿ ಜೊತೆ. ನನಗೆ ಮೀನು ಒಗ್ಗಿತು. ಸಸ್ಯಾಹಾರಿಗಳಿಗೆ ಸಣ್ಣ ದ್ವೀಪದಲ್ಲಿ ಕಷ್ಟ ಅಂತ ಮೊದಲೇ ಹೇಳುತ್ತೇನೆ.

ನಂದಿ ತಪ್ಪಲು
ನಾನೂ ಬಿ.ಎಡ್. ಮುಗಿಸಿದ್ದೇನೆ ಮೇಡಂ, ಮಾಲ್ಡೀವ್ಸ್‌ಗೆ ಅರ್ಜಿ ಹಾಕಬೇಕು ಅಂತಿದ್ದೇನೆ. ಒಬ್ಬ ಏಜೆಂಟ್ ಒಂದೂವರೆ ಲಕ್ಷ ಕೇಳುತ್ತಿದ್ದಾನೆ. ಕೊಡಬಹುದಾ?

ಚಾಂಪಿಯನ್ ರೀಫ್
ಬೇಡವೇ ಬೇಡ! ನೋಂದಾಯಿತ ಏಜೆಂಟ್ ಆದರೂ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಸೇವಾ ಶುಲ್ಕ ತಗೊಳ್ಳುವ ಹಾಗಿಲ್ಲ, ನಿಯಮ ಇದೆ. ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಅವನ ನೋಂದಣಿ ಸಂಖ್ಯೆ ಹಾಕಿ ನೋಡಿ. ಇಲ್ಲದಿದ್ದರೆ ದುಡ್ಡೂ ಕೊಡಬೇಡಿ, ಒರಿಜಿನಲ್ ಸರ್ಟಿಫಿಕೇಟೂ ಕೊಡಬೇಡಿ.

ಕೈವಾರದವಳು
ಅವರು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿ. ಇನ್ನೂ ಕೆಲವು ವಿಷಯ. ಡಿಗ್ರಿ ಸರ್ಟಿಫಿಕೇಟ್‌ಗಳ ಅಟೆಸ್ಟೇಷನ್ ಈಗಲೇ ಮಾಡಿಸಿಡಿ, ಅದಕ್ಕೆ ಓಡಾಟ ಜಾಸ್ತಿ. ನಮಗೆ ಪ್ರವಾಸಿ ವೀಸಾ ಇಳಿದ ಮೇಲೆ ಸಿಗುತ್ತದೆ ಅಂತ ಅದರಲ್ಲಿ ಬಂದು ಕೆಲಸಕ್ಕೆ ನಿಲ್ಲಬೇಡಿ, ವರ್ಕ್ ಪರ್ಮಿಟ್ ಕೈಗೆ ಬಂದ ಮೇಲೇ ವಿಮಾನ ಹತ್ತಿ. ಹಂದಿ ಮಾಂಸ, ಮದ್ಯ, ಪೂಜೆಯ ವಿಗ್ರಹ ತರುವಂತಿಲ್ಲ. ರಜೆ ಶುಕ್ರವಾರ, ಶನಿವಾರ.

ದುಡ್ಡಿನ ವಿಷಯ ಮುಖ್ಯ. ಸಂಬಳ ರುಫಿಯಾದಲ್ಲಿ ಬರುತ್ತದೆ. ಸರ್ಕಾರಿ ದರದಲ್ಲಿ ಡಾಲರ್‌ಗೆ 15.42 ರುಫಿಯಾ. ಆ ದರದಲ್ಲಿ ಬೇಕಾದಷ್ಟು ಡಾಲರ್ ಸಿಗಲ್ಲ. ತಿಂಗಳಿಗೆ ಇಷ್ಟೇ ಊರಿಗೆ ಕಳಿಸಬಹುದು ಅಂತ ಬ್ಯಾಂಕಿನವರು ಮಿತಿ ಹಾಕಿದ್ದಾರೆ, ಅದನ್ನು ಇಳಿಸುತ್ತಲೇ ಇದ್ದಾರೆ. ಹೊರಗೆ ಕೊಂಡರೆ ನಷ್ಟ. ಏಜೆಂಟ್ ಹೇಳುವ ಸಂಬಳವನ್ನು ರೂಪಾಯಿಗೆ ಗುಣಿಸಿ ಕನಸು ಕಾಣಬೇಡಿ. ನಾನು ಇನ್ನೊಂದು ಅವಧಿ ಇರಬೇಕಾ ಅಂತ ಯೋಚಿಸುತ್ತಿರುವುದಕ್ಕೆ ಇದೂ ಒಂದು ಕಾರಣ.

ರೇಷ್ಮೆಗೂಡು
ಹಾಗಾದರೆ ಬಂದುಬಿಡಿ. ನಮ್ಮ ಹೆಚ್. ನರಸಿಂಹಯ್ಯನವರು ಅಮೆರಿಕದ ಓಹಿಯೊದಲ್ಲಿ ಡಾಕ್ಟರೇಟ್ ಮಾಡಿ ವಾಪಸ್ ಬರಲಿಲ್ವಾ? ಗೌರಿಬಿದನೂರು ಪಕ್ಕದ ಹೊಸೂರಿನವರು. ಗೌರಿಬಿದನೂರು, ಬಾಗೇಪಲ್ಲಿಯಂಥ ಕಡೆ ಕಾಲೇಜು ಆಗಿದ್ದು ಅವರಿಂದ. ಅವರು ಅಲ್ಲೇ ಉಳಿದಿದ್ದರೆ ನಮ್ಮ ಅಪ್ಪನಂಥವರು ಡಿಗ್ರಿ ನೋಡುತ್ತಲೇ ಇರಲಿಲ್ಲ.

ಗೌರಿಬಿದನೂರು ಸ್ಟೇಷನ್
ಹೆಚ್.ಎನ್. ಅಂದರೆ ನನಗೂ ದೇವರ ಸಮಾನ. ಆದರೆ ಅವರು ಮದುವೆಯಾಗಲಿಲ್ಲ, ನ್ಯಾಷನಲ್ ಕಾಲೇಜ್ ಹಾಸ್ಟೆಲ್ ಕೋಣೆಯಲ್ಲೇ ಬದುಕು ಕಳೆದರು. ಸಂಸಾರ, ಸಾಲ ಇರುವವರ ಮುಂದೆ ಅವರನ್ನು ಅಳತೆಗೋಲು ಮಾಡಿ ಹಿಡಿಯಬಾರದು.

ಗುಬ್ಬಿ ಮೇಷ್ಟ್ರು
ಇಬ್ಬರೂ ಸರಿ. ಆದರೆ ಕೇಳಿದ ಪ್ರಶ್ನೆ ಬಿಟ್ಟು ಎಲ್ಲೆಲ್ಲೋ ಹೋಗುತ್ತಿದ್ದೇವೆ. ತಾಯೀ, ನಿಮಗೆ ಊರಲ್ಲಿ ಆ ಖುಷಿ ಯಾಕೆ ಸಿಗಲಿಲ್ಲ ಅಂದಿರಿ. ಊರಲ್ಲಿ ಮಕ್ಕಳಿಗೆ ನಿಮ್ಮ ಹತ್ತಿರ ಇಂಗ್ಲಿಷ್ ಆಡುವ ಅಗತ್ಯವೇ ಇರಲಿಲ್ಲ. ತೆಲುಗಿನಲ್ಲಿ ಕೇಳಿದರೆ ನಿಮಗೆ ಅರ್ಥವಾಗುತ್ತಿತ್ತು. ಇಂಗ್ಲಿಷ್ ಬರೀ ಪರೀಕ್ಷೆಯ ಹಾಳೆಗೆ. ದ್ವೀಪದಲ್ಲಿ ನಿಮಗೆ ಧಿವೇಹಿ ಬರಲ್ಲ, ಹಾಗಾಗಿ ಇಂಗ್ಲಿಷ್‌ಗೆ ಕೆಲಸ ಇದೆ. ಊರಿಗೆ ಬಂದರೆ ಆ ಕೆಲಸವನ್ನು ನೀವು ಹುಟ್ಟಿಸಬೇಕು. ಗೊತ್ತಿಲ್ಲದವರ ಹಾಗೆ ನಾಟಕ ಆಡಿದರೆ ಮಕ್ಕಳು ಕಂಡುಹಿಡಿಯುತ್ತಾರೆ. ನಿಜವಾಗಿ ಗೊತ್ತಿಲ್ಲದ್ದನ್ನೇ ಕೇಳಬೇಕು.

ತಿಪಟೂರಿನಿಂದ ಜಪಾನ್‌ಗೆ
ಅಥವಾ ಇಂಗ್ಲಿಷ್ ಬಿಟ್ಟು ಬೇರೆ ದಾರಿ ಇಲ್ಲದ ಯಾರನ್ನಾದರೂ ಜೊತೆಗೆ ಸೇರಿಸಿಕೊಳ್ಳಬೇಕು. ಕೈವಾರದ ಅಕ್ಕ, ನಿಮ್ಮ ದ್ವೀಪದ ಮಕ್ಕಳು, ಪಾವಗಡದ ಮಕ್ಕಳು, ನನ್ನ ಮೂರನೇ ತರಗತಿ. ವಿಡಿಯೊ ಕಾಲ್ ಯಾಕೆ ಮಾಡಬಾರದು? ಪರಸ್ಪರ ಯಾರಿಗೂ ಯಾರ ಭಾಷೆಯೂ ಬರಲ್ಲ.

ಪಾವಗಡ ಬಿಸಿಲು
ನಮ್ಮ ಶಾಲೆಯಲ್ಲಿ ಸ್ಮಾರ್ಟ್ ಟಿ.ವಿ. ಇದೆ, ನೆಟ್ ಒಂದು ದಿನ ಇದ್ದರೆ ಒಂದು ದಿನ ಇಲ್ಲ. ನನ್ನ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮಾಡಬಹುದು. ನಮ್ಮ ಮಕ್ಕಳಿಗೆ ಹೇಳಲು ಬೇಕಾದಷ್ಟಿದೆ. ತಿರುಮಣಿಯ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್, ಎಷ್ಟೋ ಮಕ್ಕಳ ಮನೆಯವರು ಅಲ್ಲಿಗೆ ಜಮೀನು ಗುತ್ತಿಗೆ ಕೊಟ್ಟಿದ್ದಾರೆ, ಕೆಲವರು ಅಲ್ಲೇ ಕೆಲಸ ಮಾಡುತ್ತಾರೆ. ಪ್ಯಾನೆಲ್ ಮೇಲಿನ ಧೂಳು ಹೇಗೆ ತೊಳೆಯುತ್ತಾರೆ, ಕಡಲೆಕಾಯಿ ಬೆಳೆಯುತ್ತಿದ್ದ ಹೊಲ ಏನಾಯಿತು ಅಂತ ದ್ವೀಪದ ಮಕ್ಕಳು ಕೇಳಲಿ. ಮೀನಿನ ವಿಷಯ ನಮ್ಮವರು ಕೇಳಲಿ. ಸಮುದ್ರ ನೋಡಿದ ಒಂದು ಮಗುವೂ ನನ್ನ ಕ್ಲಾಸಿನಲ್ಲಿಲ್ಲ.

ಕೈವಾರದವಳು
ನನಗೆ ಬೇಕಾಗಿದ್ದ ಉತ್ತರ ಸಿಕ್ಕಿತು. ಗುಬ್ಬಿ ಮೇಷ್ಟ್ರೇ, ನೀವು ಹೇಳಿದ್ದನ್ನು ಮೂರು ಸಲ ಓದಿದೆ.

ಮನೆಯವರ ಹತ್ತಿರ, ಅತ್ತೆ ಹತ್ತಿರ ಮಾತಾಡಿದೆ. ಇನ್ನೊಂದೇ ಅವಧಿಗೆ ಸಹಿ ಹಾಕುತ್ತಿದ್ದೇನೆ, ಸಾಲ ಪೂರ್ತಿ ತೀರಲಿ ಅಂತ. ಆಮೇಲೆ ಊರಿಗೆ. ಸರ್ಕಾರಿ ಕೆಲಸಕ್ಕೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬರೆಯುತ್ತೇನೆ. ಸಿಗದಿದ್ದರೆ ಖಾಸಗಿ ಶಾಲೆಯೇ ಆಗಲಿ, ಈ ಸಲ ನಾನು ಪಾಠ ಮಾಡುವ ರೀತಿ ಬೇರೆ ಇರುತ್ತದೆ. ಪೋಷಕರು ಜಗಳಕ್ಕೆ ಬಂದರೆ ಅವರನ್ನೇ ಕ್ಲಾಸಿನಲ್ಲಿ ಕೂರಿಸುತ್ತೇನೆ.

ವಿಡಿಯೊ ಕಾಲ್‌ಗೆ ನಮ್ಮ ಪ್ರಿನ್ಸಿಪಾಲರು ಒಪ್ಪಿದ್ದಾರೆ. ಆ ಹುಡುಗ ಈಗಲೇ ಅಪ್ಪನ ಹತ್ತಿರ ನಿಜವಾದ ಗಾಳ ಕೇಳಿ ತರುತ್ತೇನೆ ಅಂತಿದ್ದಾನೆ.

ಗೌರಿಬಿದನೂರು ಸ್ಟೇಷನ್
ಒಳ್ಳೆಯದಾಗಲಿ ಮೇಡಂ. ಕ್ಲಾಸ್ ಸೈಜಿನ ಬಗ್ಗೆ ನನ್ನ ಮಾತಿನಲ್ಲಿ ಬದಲಾವಣೆ ಇಲ್ಲ. ಆದರೆ ಕಾಲ್ ಯಾವಾಗ ಅಂತ ತಿಳಿಸಿ, ನನ್ನ ಸೆಕ್ಷನ್ನಿನ ಮಕ್ಕಳನ್ನೂ ಸೇರಿಸಬಹುದಾ?

ಪಾವಗಡ ಬಿಸಿಲು
ಧಾರಾಳವಾಗಿ ಸೇರಿಸಿ ಸಾರ್. ದಿನ ಗೊತ್ತು ಮಾಡುವಾಗ ನೆನಪಿರಲಿ: ಅಕ್ಕನಿಗೆ ಶುಕ್ರವಾರ, ಶನಿವಾರ ರಜೆ, ನಮಗೆ ಭಾನುವಾರ. ಮಾಲ್ಡೀವ್ಸ್ ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ, ಜಪಾನ್ ಮೂರೂವರೆ ಗಂಟೆ ಮುಂದೆ. ಮಂಗಳವಾರ ಬೆಳಗ್ಗೆ ಹತ್ತೂವರೆ ಆದರೆ ತಿಪಟೂರಿನವರ ಮಕ್ಕಳು ಇನ್ನೂ ಮನೆಗೆ ಹೋಗಿರಲ್ಲ ಅಲ್ವಾ? ನಾನು ಹೆಡ್‌ಮಾಸ್ಟರ್ ಹತ್ತಿರ, ಶಾಲೆಯ ಉಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರ ಹತ್ತಿರ ಇವತ್ತೇ ಮಾತಾಡುತ್ತೇನೆ.

ತಿಪಟೂರಿನಿಂದ ಜಪಾನ್‌ಗೆ
ಹತ್ತೂವರೆ ಅಂದರೆ ಇಲ್ಲಿ ಮಧ್ಯಾಹ್ನ ಎರಡು ಗಂಟೆ, ಐದನೇ ಪೀರಿಯಡ್. ಸರಿಹೋಗುತ್ತದೆ. ಮಂಗಳವಾರವೇ ಇರಲಿ.